ನುಡಿಸಲಾಗದ ಸಂಗೀತಕ್ಕೆ ಪಂಡಿತರ ಸರ್ಟಿಫಿಕೇಟು

ರಷ್ಯಾದ ಹಳೇ ಕ್ಯಾಲೆಂಡರಿನಂತೆ 1874ರ ಕ್ರಿಸ್‌ಮಸ್ ಹಿಂದಿನ ದಿನ. ಮಾಸ್ಕೋ ಕನ್ಸರ್ವೇಟರಿ ಅನ್ನುವ ಸಂಗೀತ ಶಾಲೆಯ ಒಂದು ಕೋಣೆಯಲ್ಲಿ ಸಂಗೀತ ರಚನೆಕಾರ ಚೈಕೋವ್ಸ್ಕಿ ತಮ್ಮ ಮೊದಲ ಪಿಯಾನೋ ಕನ್ಸರ್ಟೋ, ಅಂದರೆ ಪಿಯಾನೋ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿ, ನುಡಿಸಿ ತೋರಿಸಿದರು. ಕೇಳಲು ಕೂತವರು ನಿಕೊಲಾಯ್ ರುಬಿನ್‌ಸ್ಟೈನ್. ಸಂಸ್ಥೆಯ ಡೈರೆಕ್ಟರು, ಊರಿಗೆ ದೊಡ್ಡ ಪಿಯಾನೋ ವಾದಕರು, ಮೇಲಾಗಿ ಚೈಕೋವ್ಸ್ಕಿಗೆ ಪಾಠ ಹೇಳುವ ಕೆಲಸ ಕೊಟ್ಟವರು.

ಮೊದಲ ಭಾಗ ಮುಗೀತು. ಡೈರೆಕ್ಟರು ತುಟಿ ಪಿಟಕ್ಕೆನ್ನಲಿಲ್ಲ. ಅಡುಗೆ ಮಾಡಿ ಬಡಿಸಿದ್ದನ್ನು ಗೆಳೆಯ ಉಂಡು ಸುಮ್ನೆ ಕೂತರೆ ಹೇಗಿರುತ್ತೆ ಅಂತ ಚೈಕೋವ್ಸ್ಕಿ ಮೂರು ವರ್ಷ ಕಳೆದರೂ ತಮ್ಮ ಪೋಷಕಿ ನಾದೆಜ್ದಾ ಫಾನ್ ಮೆಕ್‌ಗೆ ಪತ್ರ ಬರೆದು ಗೋಳಾಡಿದ್ದಾರೆ. ಪೂರ್ತಿ ನುಡಿಸಿದ ಮೇಲೆ ತೀರ್ಪು ಬಂತು: ಕೆಲಸಕ್ಕೆ ಬಾರದ್ದು, ನುಡಿಸಲು ಆಗದ್ದು, ಅಲ್ಲಲ್ಲಿ ಕದ್ದದ್ದು, ಎರಡು ಮೂರು ಪುಟ ಇಟ್ಟುಕೊಂಡು ಮಿಕ್ಕಿದ್ದನ್ನು ಬಿಸಾಡಬೇಕು, ಇಲ್ಲವೇ ಬುಡದಿಂದ ತಿದ್ದಬೇಕು. ಆಮೇಲೆ ಪಿಯಾನೋ ಮುಂದೆ ಕೂತು "ಇದೇನಿದು, ಅದೇನದು" ಅಂತ ಒಂದೊಂದೇ ತುಣುಕನ್ನು ಅಣಕಿಸಿ ನುಡಿಸಿದರು. ನುಡಿಸಲಾಗದ್ದನ್ನು ಅಣಕಿಸೋಕಾದರೂ ನುಡಿಸಿದ್ದು ಹೇಗೆ ಸ್ವಾಮಿ? ಡೈರೆಕ್ಟರನ್ನು ಹಾಗೆಲ್ಲ ಕೇಳೋಕಾಗಲ್ಲ. ಜೊತೆಗೆ ಕೂತು ಕೇಳಿದ ಕನ್ಸರ್ವೇಟರಿಯ ಮೇಷ್ಟ್ರು ಹ್ಯೂಬರ್ಟ್ ಅವರದ್ದಂತೂ ಹೌದು ಸಾರ್ ಡಿಪಾರ್ಟ್‌ಮೆಂಟು.

ಇಂಥ ದಿನದೊಳಗೆ ತಿದ್ದಿ ತಂದರೆ ತಾವೇ ನುಡಿಸುವುದಾಗಿಯೂ ಕೃಪೆ ತೋರಿಸಿದರು. ಒಂದು ಸ್ವರವನ್ನೂ ಬದಲಿಸಲ್ಲ ಅಂದರು ಚೈಕೋವ್ಸ್ಕಿ.

ಕೃತಿ ಜರ್ಮನ್ ಪಿಯಾನೋ ವಾದಕ ಹಾನ್ಸ್ ಫಾನ್ ಬ್ಯೂಲೋ ಕೈ ಸೇರಿ 1875ರ ಅಕ್ಟೋಬರ್ 25ರಂದು ಅಮೆರಿಕದ ಬಾಸ್ಟನ್‌ನಲ್ಲಿ ಮೊದಲ ಬಾರಿ ಕೇಳಿಬಂತು. ರಿಹರ್ಸಲ್ ಸಾಲದೆ, ಟ್ರಾಂಬೋನ್ ಅನ್ನುವ ಹಿತ್ತಾಳೆ ವಾದ್ಯ ಊದುವವರು ತಪ್ಪು ಜಾಗದಲ್ಲಿ ನುಗ್ಗಿದರು. "ಹಿತ್ತಾಳೆ ವಾದ್ಯದವರು ಹಾಳಾಗಿ ಹೋಗಲಿ" ಅಂತ ಬ್ಯೂಲೋ ವೇದಿಕೆ ಮೇಲೆಯೇ ಎಲ್ಲರಿಗೂ ಕೇಳುವಂತೆ ಅಂದದ್ದನ್ನು ಅಲ್ಲಿದ್ದ ಸಂಗೀತಗಾರ ಚಾಡ್ವಿಕ್ ನೆನಪಿಸಿಕೊಂಡಿದ್ದಾರೆ. ಜನಕ್ಕೆ ಅದ್ಯಾವುದೂ ಲೆಕ್ಕಕ್ಕಿರಲಿಲ್ಲ. ಕೊನೆಯ ಭಾಗವನ್ನು ಇನ್ನೊಮ್ಮೆ ನುಡಿಸಿ ಅಂತ ಹಟ ಹಿಡಿದರು, ನುಡಿಸಿಯೂ ಆಯಿತು. ವಿಮರ್ಶಕ ಡ್ವೈಟ್ ಮಾತ್ರ, ಇಂಥ ಕಾಡು ಸಂಗೀತವನ್ನು ನಾವು ಎಂದಾದರೂ ಪ್ರೀತಿಸಲು ಕಲಿತೇವೆಯೇ ಅಂತ ಬರೆದರು. ಪಕ್ಕದ ಕುರ್ಚಿಯವರನ್ನು ಕೇಳಿದ್ದರೆ ಸಾಕಿತ್ತು.

ಈಗ ಅಸಲಿ ತಮಾಷೆ. ಅದೇ ವರ್ಷದ ಡಿಸೆಂಬರಿನೊಳಗೆ ಮಾಸ್ಕೋದಲ್ಲಿ ಈ ಕನ್ಸರ್ಟೋ ಆಯಿತಲ್ಲ, ಚೈಕೋವ್ಸ್ಕಿಯ ಶಿಷ್ಯ ತನೆಯೆವ್ ಪಿಯಾನೋ ನುಡಿಸಿದರು, ಮುಂದೆ ನಿಂತು ವಾದ್ಯವೃಂದ ನಡೆಸಿದವರು ಯಾರು ಗೊತ್ತಾ? ರುಬಿನ್‌ಸ್ಟೈನ್! 1878ರಲ್ಲಿ ಪ್ಯಾರಿಸ್‌ಗೂ ಹೋಗಿ ಸ್ವತಃ ಪಿಯಾನೋ ನುಡಿಸಿ ಬಂದರು. ಕದ್ದ ಮಾಲು ಅಂದಿದ್ದ ತೀರ್ಪನ್ನು ವಾಪಸ್ ಪಡೆಯೋಕೆ ಪಂಡಿತರಿಗೆ ಅರ್ಜಿ ಗಿರ್ಜಿ ಏನೂ ಬೇಕಿಲ್ಲ, ನೋಡಿ.

ಇತ್ತ ಒಂದು ಸ್ವರವನ್ನೂ ಮುಟ್ಟಲ್ಲ ಅಂದವರು ಮುಂದೆ ಒಂದಲ್ಲ, ಎರಡು ಸಲ ತಿದ್ದಿದರು. ಶುರುವಿನಲ್ಲಿ ಪಿಯಾನೋ ಮೇಲೆ ಧಡ್ ಧಡ್ ಅಂತ ಬೀಳುವ ಆ ಲೋಕಪ್ರಸಿದ್ಧ ಗುದ್ದು ಇದೆಯಲ್ಲ, ಮೊದಲ ಆವೃತ್ತಿಯಲ್ಲಿ ಅಲ್ಲಿದ್ದದ್ದು ಮೆತ್ತಗೆ ಬಿಡಿಸಿ ನುಡಿಸುವ ಸ್ವರಗಳು. ಈಗಿನ ಪಂಡಿತರಲ್ಲಿ ಕೆಲವರಿಗಂತೂ ಆ ಗುದ್ದು ಚೈಕೋವ್ಸ್ಕಿಯದ್ದೇ ಅಲ್ಲ ಅನ್ನುವ ಗುಮಾನಿ.