ಬಣ್ಣ ನೋಡಿದ್ರಿ, ಬೆಂಕಿ ಹಚ್ಚಿ ನೋಡಿದ್ರಾ?

ತಲೆ ಕೆಟ್ಟು ಕೂತಿದ್ದೇನೆ, ಬೈದುಕೊಳ್ಳಬೇಡಿ. ಇವತ್ತು ಒಂದು ಹೊಸ ಪಬ್‌ನವರ ಜೊತೆ ಮೀಟಿಂಗ್ ಇತ್ತು. ಸದ್ದು ಹೀರುವ ಗೋಡೆ ಪ್ಯಾನೆಲ್‌ಗೆ ಬಟ್ಟೆ ಆರಿಸಬೇಕಿತ್ತು. ಎರಡೂವರೆ ಗಂಟೆಯಲ್ಲಿ ಎರಡು ಗಂಟೆ ಹೋಗಿದ್ದು ಗಿಳಿಹಸಿರೋ ಪಾಚಿಹಸಿರೋ ಅನ್ನುವ ಚರ್ಚೆಗೆ. ಬೆಂಕಿಯ ಮಾತೆತ್ತಿದರೆ ಮಾಲೀಕರು ಮೊಬೈಲ್‌ನಿಂದ ತಲೆ ಎತ್ತದೆ, "ಎಫ್‌ಆರ್ ತಾನೇ? ಒಂದು ಸರ್ಟಿಫಿಕೇಟ್ ಕೊಟ್ಬಿಡಿ, ಫೈಲಿಗೆ ಹಾಕೋಣ" ಅಂದರು. ಎಫ್‌ಆರ್ ಅಂದರೆ ಫೈರ್ ರಿಟಾರ್ಡೆಂಟ್, ಸುಲಭಕ್ಕೆ ಬೆಂಕಿ ಹತ್ತದ ಹಾಗೆ ಮಾಡಿದ್ದು.

ಉರಿಯದ ಬಟ್ಟೆ ಕೊಡಿ ಅನ್ನಲಿಲ್ಲ, ನೋಡಿ. ಸರ್ಟಿಫಿಕೇಟ್ ಕೊಡಿ ಅಂದರು.

ಸಪ್ಲೈಯರ್ ಕಳಿಸಿದ್ದ ಪಿಡಿಎಫ್ ತೆರೆದೆ. ಎಎಸ್‌ಟಿಎಂ ಇ-84 ಅನ್ನುವ ಅಮೆರಿಕದ ಬೆಂಕಿ ಪರೀಕ್ಷೆ, ಅದರಲ್ಲಿ ಮೇಲಿನ ದರ್ಜೆ, ಕ್ಲಾಸ್ ಎ. ಅಂದರೆ ಬೆಂಕಿ ಹರಡುವ ಅಂಕ 25ರ ಒಳಗೆ, ಹೊಗೆಯದ್ದು 450ರ ಒಳಗೆ. ಒಳ್ಳೆಯದೇ. ಆದರೆ ಪರೀಕ್ಷೆ ಆಗಿದ್ದು ಬೇರೆ ಬಟ್ಟೆಗೆ. ತೂಕ ಬೇರೆ, ನೇಯ್ಗೆ ಬೇರೆ. ಮೇಜಿನ ಮೇಲಿದ್ದ ಹಸಿರು ತುಂಡಿಗೂ ಅದಕ್ಕೂ ಇದ್ದ ನಂಟು, ಎರಡೂ ಒಂದೇ ಅಂಗಡಿಯವು ಅನ್ನುವುದಷ್ಟೇ.

ಪಾರ್ಕಿಂಗ್‌ಗೆ ಇಳಿದೆ. ನನ್ನ ಸ್ಕೂಟರ್ ಡಿಕ್ಕಿಯಲ್ಲಿ ಇಕ್ಕಳ, ಲೈಟರ್ ಯಾವಾಗಲೂ ಇರುತ್ತವೆ (ಸಿಗರೇಟ್ ಬಿಟ್ಟು ಆರು ವರ್ಷವಾಯ್ತು, ಮನೆಯವಳು ಇನ್ನೂ ನಂಬಿಲ್ಲ). ಎರಡು ಪಟ್ಟಿ ಕತ್ತರಿಸಿ, ಕೆಳಗೆ ನೀರಿನ ಬಕೆಟ್ ಇಟ್ಟು, ಒಂದೊಂದಕ್ಕೂ 12 ಸೆಕೆಂಡ್ ಉರಿ ಹಿಡಿದೆ. ಹಸಿರಿನ ಬದಲು ಹಾಕಿ ಅಂತ ನಾನು ಸೂಚಿಸಿದ್ದ ಬೂದು ಬಟ್ಟೆ ಸುರುಟಿಕೊಂಡಿತು, ಲೈಟರ್ ತೆಗೆದ ತಕ್ಷಣ ಆರಿತು. ಅದರ ನೂಲಿನೊಳಗೇ ಬೆಂಕಿ ತಡೆಯುವ ರಂಜಕ (ಫಾಸ್ಫರಸ್) ಸೇರಿರುತ್ತದೆ, ಒಗೆದರೂ ಹೋಗುವುದಿಲ್ಲ. ಹಸಿರು ಸುಂದರಿ ಮಾತ್ರ ಲೈಟರ್ ತೆಗೆದ ಮೇಲೂ ಉರಿದಳು, ಕರಗಿದಳು, ಉರಿಯುವ ಹನಿಹನಿಯಾಗಿ ಬಕೆಟ್‌ಗೆ ಚುರ್ ಚುರ್ ಅಂತ ಬಿದ್ದಳು. ವಾಚ್‌ಮನ್ ಅಜ್ಜ ಹತ್ತಿರ ಬಂದು, "ಇದನ್ನ ಗೋಡೆಗೆ ಹಾಕ್ತಾರಾ ಸಾರ್?" ಅಂದರು. ಮೇಲಿದ್ದ ಐದು ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆ.

ಮೇಲೆ ಹೋದರೆ ಡಿಸೈನರ್ ಮೇಡಂ, "ಹಸಿರಿಗೇ ಎಫ್‌ಆರ್ ಸ್ಪ್ರೇ ಹೊಡೆಸೋಣ ಬಿಡಿ" ಅಂದರು. ಹೊಡೆಸಿ. ಪಬ್ ಗೋಡೆಗೆ ಬಿಯರ್ ಚೆಲ್ಲುತ್ತದೆ, ಹುಡುಗರು ಸೋಪು ನೀರಲ್ಲಿ ಉಜ್ಜುತ್ತಾರೆ, ಎಷ್ಟೋ ಸ್ಪ್ರೇಗಳು ಆ ನೀರಿನ ಜೊತೆ ಮೋರಿ ಸೇರುತ್ತವೆ. "ಹಾಗಾದ್ರೆ ರೆಕ್ಸಿನ್?" ರೆಕ್ಸಿನ್ ಹಾಕಿದರೆ ಸದ್ದು ಒಳಗೆ ಹೋಗುವುದಾದರೂ ಎಲ್ಲಿಂದ? ಬಟ್ಟೆಯನ್ನು ಬಾಯಿಗೊತ್ತಿ ಊದಿ. ಗಾಳಿ ಆಚೆ ಬಂದರೆ ಸದ್ದೂ ಒಳಗೆ ಹೋಗುತ್ತದೆ, ಹಿಂದಿರುವ ಗ್ಲಾಸ್‌ವುಲ್ (ಗಾಜಿನ ಎಳೆಯ ಹಾಸು) ಅದನ್ನು ಹೀರುತ್ತದೆ. ಊದಿದ್ದು ಮುಖಕ್ಕೇ ವಾಪಸ್ ಬಂದರೆ ಸುಮ್ನೆ ಗೋಡೆಗೆ ಪೇಂಟ್ ಹೊಡೆಸಿಕೊಳ್ಳಿ, ದುಡ್ಡು ಉಳಿಯುತ್ತದೆ.

ಹಿಂದೆ ಏನಿದೆ ಅನ್ನುವುದು ಇನ್ನೊಂದು ಕಥೆ. ಗ್ಲಾಸ್‌ವುಲ್ ಬದಲು ಬೇಗ ಹೊತ್ತಿಕೊಳ್ಳುವ ಅಗ್ಗದ ಪಿಯು (ಪಾಲಿಯುರೆಥೇನ್) ಫೋಮ್ ತುಂಬಿದರೆ ಬಟ್ಟೆಯ ಸರ್ಟಿಫಿಕೇಟ್‌ಗೆ ಯಾವ ಬೆಲೆ? ಅಮೆರಿಕದ ರೋಡ್ ಐಲೆಂಡ್‌ನಲ್ಲಿ 2003ರಲ್ಲಿ ಸ್ಟೇಷನ್ ನೈಟ್‌ಕ್ಲಬ್, ಬ್ರೆಜಿಲ್‌ನಲ್ಲಿ 2013ರಲ್ಲಿ ಕಿಸ್ ನೈಟ್‌ಕ್ಲಬ್. ಎರಡೂ ಕಡೆ ಸದ್ದಿಗಾಗಿ ಅಂಟಿಸಿದ್ದ ಫೋಮ್‌ಗೆ ಬಾಣಬಿರುಸಿನ ಕಿಡಿ ಹತ್ತಿತು. ಒಂದರಲ್ಲಿ 100 ಜನ ಸತ್ತರು, ಇನ್ನೊಂದರಲ್ಲಿ 242. ತಮಾಷೆ ಅಂದರೆ ಅಂಥ ಹಗುರ ಫೋಮ್ ಸದ್ದು ಹೊರಗೆ ಹೋಗುವುದನ್ನು ಸರಿಯಾಗಿ ತಡೆಯುವುದೂ ಇಲ್ಲ. ಅಷ್ಟು ದೂರ ಯಾಕೆ, 2010ರಲ್ಲಿ ನಮ್ಮದೇ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದಾಗ ಜನ ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದ್ದನ್ನು ಟಿವಿಯಲ್ಲಿ ನೋಡಿದ್ದೆವಲ್ಲ.

ಎಫ್‌ಆರ್ ಕೆಮಿಕಲ್ ಆರೋಗ್ಯಕ್ಕೆ ಒಳ್ಳೆಯದಲ್ಲವಂತೆ ಅಂತ ಮಾಲೀಕರು ಕೊನೆಗೊಂದು ಬಾಣ ಬಿಟ್ಟರು. ಕೆಲವು ಬ್ರೋಮಿನ್ ಕೆಮಿಕಲ್‌ಗಳ ಬಗ್ಗೆ ಆ ಆತಂಕ ನಿಜ, ಒಪ್ಪುತ್ತೇನೆ. ಆದರೆ ಈ ಕಾಳಜಿ ಎದ್ದಿದ್ದು ಬೂದು ಬಟ್ಟೆಯ ರೇಟ್ ಕೇಳಿದ ಮೇಲೆ. ಕಿಚನ್ ಎಣ್ಣೆಯ ಮೇಲೂ ಇಷ್ಟೇ ಕಾಳಜಿ ಇರಲಪ್ಪ.

ಇಷ್ಟೆಲ್ಲ ಕೂಗಾಡುವ ನಾನೇನು ಸಾಚಾ ಅಲ್ಲ. ಈ ಲೈನ್‌ಗೆ ಬಂದ ಹೊಸದರಲ್ಲಿ ಗೆಳೆಯನೊಬ್ಬನ ಡಬ್ಬಿಂಗ್ ರೂಮಿಗೆ ಮೊಟ್ಟೆ ಟ್ರೇ ಥರದ ಫೋಮ್ ಅಂಟಿಸಿಕೊಟ್ಟಿದ್ದೆ. ಕಿಟಕಿ ಇಲ್ಲದ ರೂಮು, ಒಂದೇ ಬಾಗಿಲು. ಹೋದ ತಿಂಗಳು ಕಾಫಿಗೆ ಹೋದಾಗ ನೋಡಿದೆ, ಕಂದು ಬಣ್ಣಕ್ಕೆ ತಿರುಗಿದೆ, ಬೆರಳಿಟ್ಟರೆ ಪುಡಿಯಾಗುತ್ತದೆ. ಏನೂ ಹೇಳದೆ ಕಾಫಿ ಕುಡಿದು ಬಂದೆ.

ಅವತ್ತು ಅವನಿಗೂ ಒಂದು ಸರ್ಟಿಫಿಕೇಟ್ ಕೊಟ್ಟಿದ್ದೆ. ಯಾವ ಫೋಮಿನದ್ದು ಅಂತ ಕೇಳಬೇಡಿ. ಭಾನುವಾರ ಏಣಿ ತಗೊಂಡು ಹೋಗಿ ಎಲ್ಲ ಕಿತ್ತು ಹಾಕುತ್ತೇನೆ. ಅವನಿಗೆ ಇನ್ನೂ ಹೇಳಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ. ಶನಿವಾರ ರಾತ್ರಿಯೇ ಮೈಕ್ ಎತ್ತಿಡು ಮಾರಾಯ.