ರಾತ್ರಿ ಒಂದು ಗಂಟೆಗೂ ಸಾಲು

ಕೆಲಸ ಮುಗಿಯುವಾಗ ರಾತ್ರಿ ಒಂದು ಗಂಟೆ. ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ದಕ್ಷಿಣ ಫಿಲಡೆಲ್ಫಿಯಾದಲ್ಲಿ ಆ ಹೊತ್ತಿಗೂ ಬಿಸಿಬಿಸಿ ಚೀಸ್‌ಸ್ಟೇಕ್, ಅಂದರೆ ಉದ್ದನೆಯ ಬ್ರೆಡ್ಡಿನಲ್ಲಿ ಹುರಿದ ದನದ ಮಾಂಸ, ಚೀಸ್ ತುಂಬಿದ ಸ್ಯಾಂಡ್‌ವಿಚ್, ಸಿಗುವ ಹೆಸರುವಾಸಿ ಅಂಗಡಿಯೊಂದಿದೆ. ಹೋದರೆ ಸಾಲು ರಸ್ತೆಯ ತಿರುವಿನವರೆಗೆ!

ಪ್ರವಾಸಿಗರು ಬರಬಾರದು ಅನ್ನುತ್ತಿಲ್ಲ. ಈ ಸ್ಯಾಂಡ್‌ವಿಚ್ ಹುಟ್ಟಿದ್ದೇ ಈ ಊರಲ್ಲಿ, 1930ರ ಸುಮಾರಿಗೆ. ತಿನ್ನಬೇಕು ಅನಿಸುವುದು ಸಹಜ. ಆದರೆ ಅರ್ಧ ಗಂಟೆ ಸಾಲಲ್ಲಿ ನಿಂತು, ಕಿಟಕಿ ಮುಂದೆ ಬಂದ ಮೇಲೆ ಯೋಚನೆ ಶುರು ಮಾಡಿದರೆ ಹೇಗೆ? ಯಾವ ಚೀಸ್, ಈರುಳ್ಳಿ ಬೇಕಾ ಬೇಡವಾ, ಹೇಳಬೇಕಾದ್ದು ಅಷ್ಟೇ ಅಲ್ವಾ? 'ವಿಜ್ ವಿತ್' ಅಂದರೆ ಚೀಸ್ ವಿಜ್ ಅನ್ನುವ ಚೀಸ್ ಸಾಸ್, ಜೊತೆಗೆ ಹುರಿದ ಈರುಳ್ಳಿ. ಎರಡೇ ಪದ.

ನಿನ್ನೆ ನನ್ನ ಮುಂದಿದ್ದವರು ಆ ಎರಡು ಪದ ಹೇಳುವುದನ್ನೇ ಮೂರು ಸಲ ವಿಡಿಯೊ ಮಾಡಿಸಿಕೊಂಡರು. ಒಳಗೆ ಕಾವಲಿ ಮೇಲೆ ತೆಳ್ಳಗೆ ಹೆಚ್ಚಿದ ಮಾಂಸದ ಅಂಚು ಕಪ್ಪಾಗುತ್ತಿತ್ತು. ಹುಡುಗ ಸೀಳಿದ ಬ್ರೆಡ್ಡು ಹಿಡಿದುಕೊಂಡು ನಿಂತೇ ಇದ್ದ. ಪಾಪ, ಅವನ ತೋಳೆಲ್ಲ ಬೆವರು. ನನ್ನ ಹಿಂದೆ ಆಸ್ಪತ್ರೆಯ ಸಮವಸ್ತ್ರದಲ್ಲಿದ್ದ ಹೆಂಗಸೊಬ್ಬರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. ಅವರನ್ನು ನೋಡಿ ನನಗೆ ಇನ್ನೂ ಜಾಸ್ತಿ ಸಿಟ್ಟು ಬಂತು.

ಅಂಗಡಿಯವರಾದರೂ ಒಂದು ಮಾತು ಹೇಳಬಹುದಿತ್ತು. ಸುಮ್ನೆ ಕ್ಯಾಮೆರಾಗೆ ಕೈ ಬೀಸಿದರು.

ನನ್ನ ಕೈಗೆ ಪೊಟ್ಟಣ ಬಂದಾಗ ಒಂದೂಮುಕ್ಕಾಲು. ಕೊನೆಯ ಬಸ್ಸು ಹೋಗಿತ್ತು. ನಡೆದು ಮನೆ ಸೇರುವಷ್ಟರಲ್ಲಿ ಬ್ರೆಡ್ಡು ಎಣ್ಣೆ ಕುಡಿದು ಮುದ್ದೆಯಾಗಿತ್ತು.