ಮೆಣಸಿಗೆ ಜಾಗ ಬಿಟ್ಟ ಊಟ

ಕಳೆದ ಭಾನುವಾರ ಅಮ್ಮನನ್ನು ಕರೆದುಕೊಂಡು ಚಿಕ್ಕಮಗಳೂರಿನ ಹೊರಗೆ, ಕೈಮರದ ಕಡೆಗೆ ಹೋಗುವ ರಸ್ತೆಯಲ್ಲಿರುವ ಫ್ರೆಂಚ್ ಬಿಸ್ಟ್ರೊ ಒಂದಕ್ಕೆ ಊಟಕ್ಕೆ ಹೋಗಿದ್ದೆ. ಹಳೆಯ ಹೆಂಚಿನ ಮನೆ, ಆರೇ ಮೇಜು, ಅಂದಿನ ಅಡುಗೆಯನ್ನು ಸೀಮೆಸುಣ್ಣದಲ್ಲಿ ಬರೆದಿಟ್ಟ ಕಪ್ಪು ಹಲಗೆ. ಪ್ಯಾರಿಸ್‌ನಲ್ಲೂ ಬಿಸ್ಟ್ರೊ ಎಂದರೆ ಆಡಂಬರದ ಹೋಟೆಲಲ್ಲ, ಮನೆಯಂಥ ಅಡುಗೆ ಸಿಗುವ ಸಣ್ಣ ಜಾಗ. ಅಡುಗೆ ಮಾಡುವ ಹುಡುಗ ನಮ್ಮ ಮೂಡಿಗೆರೆ ಕಡೆಯವನೇ, ಪುದುಚೇರಿಯಲ್ಲಿ ಕೆಲಸ ಕಲಿತು ಬಂದಿದ್ದಾನೆ.

‘ಅಲ್ಲಿ ಎಲ್ಲವೂ ಸಪ್ಪೆ, ದುಡ್ಡು ದಂಡ’ ಎಂದು ಪರಿಚಯದ ಮೂರ್ನಾಲ್ಕು ಜನ ಹೇಳಿದ್ದರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕೋಳಿಯನ್ನು ಬೆಣ್ಣೆಯಲ್ಲಿ ಚರ್ಮ ಗರಿಗರಿಯಾಗುವವರೆಗೆ ಹುರಿದು ತೆಗೆಯುತ್ತಾರೆ. ಬಾಣಲೆಯ ತಳಕ್ಕೆ ಕಚ್ಚಿದ ಕಂದು ರಸವನ್ನು ಮೂಳೆ ಬೇಯಿಸಿದ ನೀರು ಹಾಕಿ ಬಿಡಿಸಿ, ಕೆನೆ ಸೇರಿಸಿ, ಇಳಿಸುವ ಹೊತ್ತಿಗೆ ಒರಟಾಗಿ ಕುಟ್ಟಿದ ಕಾಳುಮೆಣಸು ಹಾಕುತ್ತಾರೆ. ಅಷ್ಟೇ. ಕೊತ್ತಂಬರಿ ಇಲ್ಲ, ಗಸಗಸೆ ಇಲ್ಲ, ತೆಂಗಿನಕಾಯಿ ಇಲ್ಲ. ಅಮ್ಮ ಚಮಚದ ತುದಿಯಲ್ಲಿ ಒಂದಿಷ್ಟು ನಾಲಿಗೆಗೆ ಹಚ್ಚಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ಹಣ್ಣು ಕಂಡ ಮೇಲೆ ಕೊಯ್ದ ಮೆಣಸು ಕಣೋ” ಎಂದರು.

ತೋಟದವರಿಗೆ ಆ ಮಾತಿನ ತೂಕ ಗೊತ್ತು. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾಗುವವರೆಗೆ ಕಾಯಬೇಕು. ಆಳು ಸಿಗುವುದಿಲ್ಲವೆಂದೋ ಕಳ್ಳರ ಭಯಕ್ಕೋ ಎಳೆಯದರಲ್ಲೇ ಕೊಯ್ದರೆ ಕಾಳು ಜೊಳ್ಳು. ಮೆಣಸಿನ ಖಾರ ಪೈಪರಿನ್ ಎಂಬ ಅಂಶದಿಂದ ಬರುತ್ತದೆ; ಪರಿಮಳ ಬರುವುದು ಅದರೊಳಗಿನ ಎಣ್ಣೆಯಿಂದ. ಬಹಳ ಹೊತ್ತು ಕುದಿಸಿದರೆ ಪರಿಮಳ ಹಾರಿಹೋಗಿ ಖಾರ ಉಳಿಯುತ್ತದೆ. ನಮ್ಮ ಮನೆಯ ಕೋಳಿ ಸಾರು, ಕಡುಬನ್ನು ನಾನು ಯಾವುದಕ್ಕೂ ಬಿಟ್ಟುಕೊಡುವವನಲ್ಲ. ಆದರೆ ಅಲ್ಲಿ ಮೆಣಸು ಜಾತ್ರೆಯೊಳಗಿನ ಒಬ್ಬ. ಇಲ್ಲಿ ಒಂಟಿಯಾಗಿ ಬಂದು ಎದುರು ಕುಳಿತಿತ್ತು: ನಿಂಬೆ ಸಿಪ್ಪೆಯ ಘಮ, ಹಿಂದೆಯೇ ಮಳೆಯಲ್ಲಿ ನೆಂದ ಮರದ ವಾಸನೆ, ಕೊನೆಗೆ ಗಂಟಲಲ್ಲಿ ಬಿಸಿ. ಹುಟ್ಟಿದಾಗಿನಿಂದ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿ ನೋಡುತ್ತಾ, ಕಣದಲ್ಲಿ ಮೆಣಸು ಹರಡುತ್ತಾ ಬೆಳೆದ ನನಗೆ ಇದು ಇಷ್ಟು ಸ್ಪಷ್ಟವಾಗಿ ಎಂದೂ ಸಿಕ್ಕಿರಲಿಲ್ಲ.

ಫ್ರೆಂಚರಿಗೆ ಮಸಾಲೆ ಗೊತ್ತಿಲ್ಲ ಎನ್ನುವುದು ತಪ್ಪು. ಮಧ್ಯಯುಗದ ಅವರ ಶ್ರೀಮಂತರ ಅಡುಗೆಯಲ್ಲಿ ಶುಂಠಿ, ಚಕ್ಕೆ, ಲವಂಗ ಧಾರಾಳವಾಗಿದ್ದವು. 17ನೇ ಶತಮಾನದಲ್ಲಿ ಅವರು ಬೆಣ್ಣೆ, ಸೊಪ್ಪು, ಪದಾರ್ಥದ ಸ್ವಂತ ರುಚಿಯ ಕಡೆಗೆ ತಿರುಗಿದರು. ಮಸಾಲೆಯನ್ನು ತಿಳಿದೇ ಕಡಿಮೆ ಮಾಡಿದವರು ಅವರು. ಡಚ್ಚರು ಬಿಗಿಯಾಗಿ ಕಾದಿಟ್ಟಿದ್ದ ಲವಂಗ, ಜಾಯಿಕಾಯಿ ಗಿಡಗಳನ್ನು 18ನೇ ಶತಮಾನದಲ್ಲಿ ಗುಟ್ಟಾಗಿ ಮಾರಿಷಸ್‌ಗೆ ತರಿಸಿದ ಪಿಯರ್ ಪುವಾವ್ರ್ ಕೂಡ ಫ್ರೆಂಚನೇ. ಅವನ ಮನೆತನದ ಹೆಸರಿಗೆ ಫ್ರೆಂಚಿನಲ್ಲಿ ಅರ್ಥವೇ ಮೆಣಸು!

ಬೆಣ್ಣೆಯಲ್ಲಿ ಬಾಡಿಸಿದ ಕ್ಯಾರೆಟ್ ಮೇಲೆ ವಡೂವಾನ್ ಪುಡಿ ಉದುರಿಸಿದ್ದರು. ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಸಾಸಿವೆ ಸೇರಿಸಿ ಬಿಸಿಲಲ್ಲಿ ಒಣಗಿಸುವ ತಮಿಳರ ವಡಗಂ ಪುದುಚೇರಿಯ ಫ್ರೆಂಚರ ಕೈಯಲ್ಲಿ ಪಡೆದ ರೂಪ ಅದು. ಚೆನ್ನಾಗಿತ್ತು. ತಕರಾರು ಇರುವುದು ಕೊನೆಯ ಸಿಹಿಯ ಬಗ್ಗೆ ಮಾತ್ರ. ಮೇಲೆ ಸಕ್ಕರೆ ಸುಟ್ಟ ಕ್ರೆಮ್ ಬ್ರೂಲೆಗೆ ನಮ್ಮ ಏಲಕ್ಕಿಯ ಜೊತೆ ವೆನಿಲ್ಲಾವನ್ನೂ ಹಾಕಿದ್ದರು. ವೆನಿಲ್ಲಾ ಏಲಕ್ಕಿಯನ್ನು ನುಂಗಿಹಾಕಿತ್ತು. ಎರಡರಲ್ಲಿ ಒಂದನ್ನು ಬಿಡು ಎಂದು ಹುಡುಗನಿಗೆ ನೇರವಾಗಿಯೇ ಹೇಳಿದೆ.

ಪಕ್ಕದ ಮೇಜಿನವರು ರುಚಿ ನೋಡುವ ಮೊದಲೇ ಚಿಲ್ಲಿ ಸಾಸ್ ಕೇಳಿದರು. ನನಗೆ ನಿಜಕ್ಕೂ ಸಂಕಟವಾಯಿತು. ಅವರೂ ನಮ್ಮ ಹಾಗೆ ಮೆಣಸು ಬೆಳೆಯುವವರೇ ಇರಬಹುದು. ಬೆಳೆದವರೇ ಅದಕ್ಕೆ ಎರಡು ನಿಮಿಷ ಕೊಡದಿದ್ದರೆ ಇನ್ನು ಯಾರು ಕೊಡಬೇಕು?

ಹಲಗೆಯ ಮೇಲೆ ಅಡುಗೆಗಳಿಗೆಲ್ಲ ಫ್ರೆಂಚ್ ಹೆಸರಿತ್ತು, ಮೆಣಸು ಎಲ್ಲಿಯದೆಂದು ಇರಲಿಲ್ಲ. “ಮೂಡಿಗೆರೆ ಎಂದು ಬರಿಯಪ್ಪ, ಅದರಲ್ಲೇನು ನಾಚಿಕೆ?” ಎಂದು ಅಮ್ಮ ಕೇಳಿದರು. ಅವನು ಆಗಲೇ ಸೀಮೆಸುಣ್ಣ ತಂದು ಕನ್ನಡದಲ್ಲೇ ಬರೆದ. ಮುಂದಿನ ಕೊಯ್ಲಿನಲ್ಲಿ ಹಳೆಯ ಹಲಸಿನ ಮರಕ್ಕೆ ಹಬ್ಬಿದ ಬಳ್ಳಿಯ ಮೆಣಸನ್ನು ಬೇರೆಯಾಗಿ ಒಣಗಿಸಿ ಅವನಿಗೆಂದು ಎತ್ತಿಡಬೇಕಂತೆ. ದಾರಿಯುದ್ದಕ್ಕೂ ಅಮ್ಮ ಅದನ್ನೇ ಹೇಳುತ್ತಾ ಬಂದರು.